ಚಂದ್ರದ್ರೋಣದ ಹುಲ್ಲಿನಲ್ಲಿ ಒಂದೇ ಗೆರೆ

ನಾನು ಬೆಟ್ಟ ಹತ್ತಲು ಕಲಿತಿದ್ದು ಚಿಕ್ಕಮಗಳೂರಿನ ಹತ್ತಿರದ ದೇವೀರಮ್ಮನ ಬೆಟ್ಟದಲ್ಲಿ. ದೀಪಾವಳಿಯ ನರಕ ಚತುರ್ದಶಿ, ಬರಿಗಾಲು, ಸೋದರತ್ತೆಯ ಸೆರಗು. ಬೆಟ್ಟದ ಬುಡದ ಬಿಂಡಿಗದಿಂದ ಬೆಳಗಿನ ಜಾವ ಹೊರಟಿದ್ದೆವು. ಅತ್ತೆಯ ಕಂಕುಳಲ್ಲಿ ಹರಕೆಯ ಸೌದೆ, ಕೈಯಲ್ಲಿ ತುಪ್ಪದ ಡಬ್ಬಿ. ಹಿಂದಿನ ದಿನ ಮಳೆ ಬಂದು ದಾರಿ ಬೆಣ್ಣೆಯ ಹಾಗೆ ಜಾರುತ್ತಿತ್ತು. "ಮುಂದಿನವರ ಹೆಜ್ಜೆ ಮೇಲೇ ಹೆಜ್ಜೆ ಇಡು, ಪಕ್ಕಕ್ಕೆ ಹೋಗ್ಬೇಡ" ಅಂತ ಅತ್ತೆ ದಾರಿಯುದ್ದಕ್ಕೂ ಹೇಳುತ್ತಿದ್ದರು. ನಾನು ಜಾರಿ ಬೀಳಬಾರದು ಅಂತ ಹೇಳಿದ ಮಾತು ಅದು. ಹುಲ್ಲಿಗೂ ಅದೇ ಒಳ್ಳೆಯದು ಅಂತ ಗೊತ್ತಾಗುವ ಹೊತ್ತಿಗೆ ನಾನೇ ಸಾಕಷ್ಟು ಹುಲ್ಲು ತುಳಿದಾಗಿತ್ತು.

ಈಗ ನಾನು ಜಾಸ್ತಿ ನಡೆಯುವುದು ಸರ್ಪದಾರಿ ಅನ್ನುವ ಕಾಲುದಾರಿಯಿಂದ ಮುಳ್ಳಯ್ಯನಗಿರಿ ಹತ್ತಿ, ಅಲ್ಲಿಂದ ಬೆಟ್ಟದ ನೆತ್ತಿ ಹಿಡಿದು ಬಾಬಾಬುಡನ್‌ಗಿರಿಗೆ. ಇಡೀ ದಿನದ ನಡಿಗೆ. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ ಬೆಟ್ಟ. ಕಾರಿನಲ್ಲಿ ಬಂದವರು ಮೆಟ್ಟಿಲು ಹತ್ತಿ, ಮುಳ್ಳಯ್ಯಸ್ವಾಮಿಗೆ ಕೈ ಮುಗಿದು, ಫೋಟೊ ತೆಗೆದು ಇಳಿಯುತ್ತಾರೆ. ನನಗೆ ಬೆಟ್ಟ ಶುರುವಾಗುವುದೇ ಅಲ್ಲಿಂದ ಆಚೆಗೆ.

ಈ ಬೆಟ್ಟಸಾಲಿಗೆ ಚಂದ್ರದ್ರೋಣ ಅಂತ ಹೆಸರು ಯಾಕೆ ಬಂತು ಅಂತ ನೆತ್ತಿಯ ಮೇಲೆ ನಿಂತರೆ ಗೊತ್ತಾಗುತ್ತದೆ. ಸಾಲು ಬೆಟ್ಟ ಅರ್ಧಚಂದ್ರದ ಹಾಗೆ ಬಾಗಿಕೊಂಡು ಹೋಗಿದೆ. ಬಾಬಾಬುಡನ್‌ಗಿರಿಗೆ ಮುಖ ಮಾಡಿ ನಡೆದರೆ ಎಡಕ್ಕೆ ಆ ಬಾಗಿನ ಒಳಗಿನ ಜಾಗರ ಕಣಿವೆ, ಕಾಡು ಮತ್ತು ಕಾಫಿ ತೋಟ. ಬಲಕ್ಕೆ ಚಿಕ್ಕಮಗಳೂರು ಪೇಟೆ, ಅದರಾಚೆ ಬಯಲುಸೀಮೆ. ಮುಂದೆ ಹೋದ ಹಾಗೆ ಸಖರಾಯಪಟ್ಟಣದ ಕಡೆಯ ಅಯ್ಯನಕೆರೆ ಬೆಳ್ಳಿ ತಟ್ಟೆಯ ಹಾಗೆ ಕಾಣುತ್ತದೆ. ಎಡಕ್ಕೆ ಬಿದ್ದ ಮಳೆ ಭದ್ರೆ ಸೇರುತ್ತದೆ, ಬಲಕ್ಕೆ ಬಿದ್ದಿದ್ದು ವೇದಾವತಿ ಸೇರುತ್ತದೆ. ಎರಡು ಹೊಳೆಗಳ ನೀರು ಬೇರೆಯಾಗುವ ಗೆರೆಯ ಮೇಲೆ ನಾವು ನಡೆಯುತ್ತಿರುತ್ತೇವೆ. ಇದನ್ನು ಹೇಳಿದಾಗ ನನ್ನ ಜೊತೆ ಬಂದ ಹುಡುಗರು ಒಂದು ಕ್ಷಣ ಸುಮ್ಮನೆ ನಿಂತುಬಿಡುತ್ತಾರೆ. ನನಗೂ ಇವತ್ತಿಗೂ ಹಾಗೇ ಆಗುತ್ತದೆ.

ಹೋಗುವ ಕಾಲ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ತನಕ. ಜೂನ್, ಜುಲೈಯಲ್ಲಿ ಗಾಳಿ ಮನುಷ್ಯರನ್ನು ನಿಲ್ಲಲು ಬಿಡುವುದಿಲ್ಲ. ಜನವರಿ ದಾಟಿದರೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ನೋಡಲು ಚೆಂದ, ಆದರೆ ಒಣಹುಲ್ಲಿನ ಇಳಿಜಾರು ಒದ್ದೆ ಬಂಡೆಗಿಂತ ಹೆಚ್ಚು ಜಾರುತ್ತದೆ. ಆಮೇಲೆ ಬೆಂಕಿಯ ಕಾಲ. ಒಂದು ಬೀಡಿ ತುಂಡು ಸಾಕು, ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ. ಆ ತಿಂಗಳುಗಳಲ್ಲಿ ನಾನು ಹೋಗುವುದಿಲ್ಲ, ಕರೆದರೂ ಹೋಗುವುದಿಲ್ಲ.

ಚೀಲದಲ್ಲಿ ಇಡುವುದು ಕಡಿಮೆ. ಮೂರು ಲೀಟರ್ ನೀರು, ಯಾಕೆಂದರೆ ನೆತ್ತಿಯ ಮೇಲೆ ನೀರು ಸಿಗುವುದಿಲ್ಲ. ಬಾಳೆಲೆಯಲ್ಲಿ ಸುತ್ತಿದ ಅಕ್ಕಿರೊಟ್ಟಿ, ಕಾಯಿ ಚಟ್ನಿ, ಒಂದೆರಡು ಮಿಡಿ ಉಪ್ಪಿನಕಾಯಿ. ಚಿತ್ರಾನ್ನ ಮಧ್ಯಾಹ್ನಕ್ಕೆ ಹಳಸಬಹುದು, ರೊಟ್ಟಿ ಸಂಜೆವರೆಗೂ ಕೆಡುವುದಿಲ್ಲ. ಒಂದು ಮಳೆ ಕೋಟು, ಒಂದು ಟಾರ್ಚು. ಇಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಹೊಗೆಸೊಪ್ಪು, ಸುಣ್ಣ ಕಲಸಿದ ಬಟ್ಟೆ ಗಂಟು. ಬಯಲು ಹುಲ್ಲಿನಲ್ಲಿ ಇಂಬಳದ ಕಾಟ ಕಡಿಮೆ. ಶೋಲಾ, ಅಂದರೆ ಗುಡ್ಡಗಳ ಮಡಿಲಿನ ದಟ್ಟ ಕಾಡು, ಅದರ ಅಂಚಿಗೆ ಹೋದ ಕೂಡಲೇ ಕಾಲಿಗೆ ಹತ್ತುತ್ತವೆ.

ಒಮ್ಮೆ ಅಕ್ಟೋಬರಿನಲ್ಲಿ ನಾನೂ ಒಬ್ಬ ಗೆಳೆಯನೂ ದಾರಿ ತಪ್ಪಿದ್ದೆವು. ಹತ್ತೂವರೆ ಹೊತ್ತಿಗೆ ಬಿಸಿಲಿತ್ತು. ಐದೇ ನಿಮಿಷದಲ್ಲಿ ಜಾಗರದ ಕಡೆಯಿಂದ ಮೋಡ ಎದ್ದು ಬಂತು. ಚಾಚಿದ ಕೈಯ ಬೆರಳು ಕಾಣುತ್ತಿರಲಿಲ್ಲ. ನಾವು ಹೆದರಿ ಬೇಗ ಬೇಗ ನಡೆದೆವು, ಅದೇ ತಪ್ಪಾಯಿತು. ಕಾಲ ಕೆಳಗಿದ್ದ ಸಣ್ಣ ದಾರಿ ಮನುಷ್ಯರದ್ದಲ್ಲ, ದನದ್ದು. ಅದು ನೆತ್ತಿ ಬಿಟ್ಟು ಇಳಿಯುತ್ತಾ ಒಂದು ಶೋಲಾದ ಬಾಯಿಗೆ ತಂದು ನಿಲ್ಲಿಸಿತು. ಒಳಗೆ ಕತ್ತಲೆ, ತೊಟ್ಟಿಕ್ಕುವ ನೀರು. ಎಲ್ಲೋ ಒಂದು ಸಿಳ್ಳಾರ ಹಕ್ಕಿ ಸಿಳ್ಳೆ ಹೊಡೆಯುತ್ತಿತ್ತು. ಹಸಿ ಸಗಣಿ ಕಂಡಿತು, ಅದು ಊರ ದನದ್ದೋ ಕಾಟಿಯದ್ದೋ (ಕಾಡುಕೋಣದ್ದೋ) ಗೊತ್ತಾಗಲಿಲ್ಲ. ಇಬ್ಬರಿಗೂ ಬಾಯಿ ಒಣಗಿತ್ತು.

ಆಗ ಗಂಟೆಯ ಸದ್ದು ಕೇಳಿಸಿತು. ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ ಅಜ್ಜ, ಹಿಂದೆ ನಾಲ್ಕೈದು ಹಸು. "ಮೋಡ ಕವಿದ್ರೆ ಹಸುನೇ ನಿಂತ್ಕೊಳ್ಳುತ್ತೆ, ನೀವ್ಯಾಕೆ ಓಡ್ತೀರಿ?" ಅಂದರು. ನಮ್ಮನ್ನು ಅಲ್ಲೇ ಕೂರಿಸಿದರು. ಮುಕ್ಕಾಲು ಗಂಟೆ ಕೂತೆವು. ಗಾಳಿ ಕೆನ್ನೆಯ ಯಾವ ಕಡೆಗೆ ಬಡಿಯುತ್ತದೆ ಅಂತ ಹೊರಡುವಾಗಲೇ ನೋಡಿಟ್ಟುಕೊಳ್ಳಬೇಕು, ಕಣ್ಣು ಕಾಣದಾಗ ಕೆನ್ನೆ ಹೇಳುತ್ತದೆ ಅಂತ ಅವರು ತೋರಿಸಿಕೊಟ್ಟರು. ಆವತ್ತು ಗಾಳಿ ಕಣಿವೆಯಿಂದ ಏರಿ ಬರುತ್ತಿತ್ತು. ಅದನ್ನು ಎಡಗೆನ್ನೆಗೆ ಇಟ್ಟುಕೊಂಡು ಏರಿದಾಗ ನೆತ್ತಿಯ ದಾರಿ ಮತ್ತೆ ಸಿಕ್ಕಿತು. ಅವತ್ತಿನಿಂದ ಮೋಡ ಬಂದರೆ ಕೂರುತ್ತೇನೆ. ಮೊಬೈಲಿನಲ್ಲಿ ಮ್ಯಾಪ್ ಇದ್ದರೂ ಕೂರುತ್ತೇನೆ.

ಕಾಯುತ್ತಾ ಕೂತಾಗ ಅಜ್ಜ ಇನ್ನೊಂದು ತೋರಿಸಿದ್ದರು. ಒಂದು ಹುಲ್ಲಿನ ಬುಡವನ್ನು ಎರಡೂ ಕೈಯಿಂದ ಬಿಡಿಸಿದರು. ಮೇಲೆ ಒರಟು ಗರಿ, ಒಳಗೆ ಹಳೆಯ ಹುಲ್ಲು ಕೊಳೆತ ಕಂದು ಪದರ, ಅದರ ಕೆಳಗೆ ಕಪ್ಪು ಮಣ್ಣು. ಬೆರಳು ಇಟ್ಟರೆ ತಣ್ಣಗೆ, ಹಿಂಡಿದರೆ ನೀರು ಬರುವಷ್ಟು ಒದ್ದೆ. ಎರಡು ಅಡಿ ಪಕ್ಕದಲ್ಲಿ ನಮ್ಮ ಕಾಲುದಾರಿ ಇತ್ತು. ಅಲ್ಲಿ ಬರೀ ಕೆಂಪು ಜಲ್ಲಿ, ಗಟ್ಟಿ ನೆಲ. ಒಂದೇ ಮಳೆ ಎರಡರ ಮೇಲೂ ಬಿದ್ದಿದೆ. ಒಂದು ಹಿಡಿದಿಟ್ಟುಕೊಂಡಿದೆ, ಇನ್ನೊಂದು ಹರಿಯಬಿಟ್ಟಿದೆ. ಹಿಡಿದಿಟ್ಟುಕೊಂಡ ನೀರೇ ನಿಧಾನಕ್ಕೆ ಜಿನುಗಿ, ಮಡಿಲಿನ ಶೋಲಾಕ್ಕೆ ಇಳಿದು, ಹಳ್ಳವಾಗಿ ಬೇಸಿಗೆಯಲ್ಲೂ ಹರಿಯುತ್ತದೆ. ಮರ ಇಲ್ಲದ ಈ ಗುಡ್ಡಗಳನ್ನು ಬೋಳು, ಖಾಲಿ ಅನ್ನುವವರನ್ನು ಕಂಡರೆ ನನಗೆ ಈ ಬುಡ ಬಿಡಿಸಿ ತೋರಿಸಬೇಕು ಅನ್ನಿಸುತ್ತದೆ. ಇಲ್ಲಿ ಗಿಡ ನೆಟ್ಟು ಕಾಡು ಮಾಡೋಣ ಅಂತ ಒಳ್ಳೆ ಮನಸ್ಸಿನಿಂದಲೇ ಹೊರಡುವವರಿಗೂ ಕೂಡ.

ಇನ್ನು ನನ್ನ ತಪ್ಪು. ಮುಳ್ಳಯ್ಯನಗಿರಿಯಿಂದ ಇಳಿದ ಮೇಲೆ ಒಂದು ತಿರುವಿದೆ, ಮಳೆಗಾಲ ಮುಗಿದ ಮೇಲೂ ಅಲ್ಲಿ ಕೆಸರು. ಹೊಸ ಶೂ ಹಾಕಿದ್ದ ವರ್ಷ ನಾನು ಕೆಸರು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ದಾಟಿದೆ. ಹಿಂದೆ ಆರು ಜನ ಇದ್ದರು, ಅವರೂ ಹಾಗೇ ಬಂದರು. ಮುಂದಿನ ವರ್ಷ ಅಲ್ಲಿ ಎರಡು ದಾರಿ ಇತ್ತು. 2022ರಲ್ಲಿ ನೀಲಕುರಿಂಜಿ ಅರಳಿತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಹೂವು, ಜನ ಜಾತ್ರೆಯ ಹಾಗೆ ಬಂದರು. ಅದಾದ ಮೇಲೆ ಹೋಗಿ ನೋಡಿದರೆ ನಾಲ್ಕು ದಾರಿ. ನಡುವಿನ ಹುಲ್ಲು ಸತ್ತಿತ್ತು. ಮಳೆನೀರು ಅದರಲ್ಲೇ ಹರಿದು ಮೊಣಕಾಲುದ್ದದ ಕೊರಕಲು ಮಾಡಿತ್ತು. ಹುಲ್ಲಿನ ಬೇರು ಕೊರಕಲಿನ ಗೋಡೆಯಲ್ಲಿ ಗಡ್ಡದ ಹಾಗೆ ಜೋತಾಡುತ್ತಿತ್ತು. ಎಲ್ಲವೂ ನನ್ನಿಂದ ಆಗಿದ್ದಲ್ಲ, ನಿಜ. ಆದರೆ ಎರಡನೇ ದಾರಿಯ ಮೊದಲ ಹೆಜ್ಜೆ ನನ್ನದು.

ಈಗ ನಾನು ಕೆಸರಿನಲ್ಲೇ ನಡೆಯುತ್ತೇನೆ. ಅದಕ್ಕೆ ಬೇಕಾದ ಹಾಗೆ ಹಳೆಯ ಶೂ, ಉದ್ದ ಕಾಲುಚೀಲ. ಜೊತೆಗೆ ಆರು ಜನಕ್ಕಿಂತ ಜಾಸ್ತಿ ಕರೆದುಕೊಂಡು ಹೋಗುವುದಿಲ್ಲ. ಒಬ್ಬರ ಹಿಂದೆ ಒಬ್ಬರು, ಪಕ್ಕ ಪಕ್ಕ ಮಾತಾಡಿಕೊಂಡು ಹೋಗುವ ಹಾಗಿಲ್ಲ. ಮಾತು ಬೇಕಿದ್ದರೆ ಬಂಡೆಯ ಮೇಲೆ ಕೂತು ಆಡುವುದು. ಇಳಿಜಾರಿನಲ್ಲಿ ಅಡ್ಡದಾರಿ ಹಿಡಿಯುವುದಿಲ್ಲ, ದಾರಿ ಸುತ್ತಿದರೆ ನಾವೂ ಸುತ್ತುವುದು.

ಹೊರಡುವ ಮೊದಲು ಅರಣ್ಯ ಇಲಾಖೆಯ ನಿಯಮ ವಿಚಾರಿಸಿಕೊಳ್ಳಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಇರುವೆಯ ಹಾಗೆ ಸೇರಿದ ಮೇಲೆ ಚಾರಣಕ್ಕೆ ಕೆಲವು ತಿಂಗಳು ತಡೆ ಬಿತ್ತು. ಆಮೇಲೆ ಹಲವು ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಬಂತು. ಕೆಲವರಿಗೆ ಕಿರಿಕಿರಿ ಅನ್ನಿಸಿದೆ. ಆ ಕೊರಕಲು ನೋಡಿದ ನನಗೆ ಮಿತಿ ಬೇಕು ಅನ್ನಿಸುತ್ತದೆ. ವಾರದ ನಡುವಿನ ದಿನ ನೋಡಿಕೊಳ್ಳಿ, ಕೈಮರದ ಚೆಕ್‌ಪೋಸ್ಟಿನಲ್ಲಿ ವಾಹನಗಳ ಸಾಲೂ ಇರುವುದಿಲ್ಲ.

ಹೋದ ನವೆಂಬರಿನಲ್ಲಿ ಆ ತಿರುವಿಗೆ ಮತ್ತೆ ಹೋಗಿದ್ದೆ. ಎರಡನೇ ದಾರಿಯ ಬಾಯಿಗೆ ಯಾರೋ ಕಲ್ಲು ಜೋಡಿಸಿ, ಒಣಗಿದ ಮುಳ್ಳು ಹಾಕಿದ್ದರು. ಕಲ್ಲಿನ ಸಂದಿಯಲ್ಲಿ ಹುಲ್ಲಿನ ಮೂರು ಎಳೆ ಎದ್ದಿತ್ತು, ಬೆರಳುದ್ದ. ನಾನೂ ಇನ್ನಷ್ಟು ಕಲ್ಲು ತಂದಿಟ್ಟು, ಕೆಸರಿನಲ್ಲಿ ಇಳಿದು ದಾಟಿದೆ.