ಫೋರ್ಟ್ ಕೊಚ್ಚಿಯ ಕಾರ್ನಿವಲ್: 31ರ ರಾತ್ರಿಗಲ್ಲ, 28ಕ್ಕೇ ಹೋಗಿ

ಕಾಸರಗೋಡಿನಿಂದ ಫೋರ್ಟ್ ಕೊಚ್ಚಿಯ ವರ್ಷಾಂತ್ಯದ ಹಬ್ಬವಾದ ಕಾರ್ನಿವಲ್ ನೋಡಲು ಹೊರಡುವವರಲ್ಲಿ ಹೆಚ್ಚಿನವರು ಡಿಸೆಂಬರ್ 31ರ ಸಂಜೆ ತಲುಪುತ್ತಾರೆ. ಮಧ್ಯರಾತ್ರಿ ಪಪ್ಪಾಂಜಿ ಎಂಬ ಮುದುಕನ ಬೊಂಬೆಯನ್ನು ಸುಡುವಾಗ ಅವರಿಗೆ ಕಾಣುವುದು ಎದುರಿನವನ ಬೆನ್ನು, ಅದರ ಮೇಲೆ ಎತ್ತಿ ಹಿಡಿದ ನೂರಾರು ಮೊಬೈಲು. ಕುಂಬಳೆ ಬೆಡಿಗೆ (ಜಾತ್ರೆಯ ಸಿಡಿಮದ್ದಿಗೆ) ಹೋಗಿ ಹೊಗೆ ಮಾತ್ರ ಕಂಡು ಬಂದ ಹಾಗೆ. ಈ ಹಬ್ಬದ ರುಚಿ ಇರುವುದು ಸುಡುವುದರಲ್ಲಿ ಅಲ್ಲ, ಅದಕ್ಕೆ ಮೊದಲಿನ ನಾಲ್ಕೈದು ದಿನ ಗಲ್ಲಿ ಗಲ್ಲಿಯಲ್ಲಿ ನಡೆಯುವ ತಯಾರಿಯಲ್ಲಿ. ಹಾಗಾಗಿ ನಾವು 28ಕ್ಕೆ ಹೋಗುವುದು, ಜನವರಿ 1ರ ರಾತ್ರಿ ಗಾಡಿಗೆ ಹಿಂತಿರುಗುವುದು ಎಂದು ಇಟ್ಟುಕೊಂಡಿದ್ದೇವೆ.

ಮೊದಲು ಟಿಕೆಟು. ರಿಸರ್ವೇಶನ್ ಈಗ 60 ದಿನ ಮುಂಚೆ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಡಿಸೆಂಬರ್ 28ರದ್ದು ಅಕ್ಟೋಬರ್ 29ಕ್ಕೆ, ಜನವರಿ 1ರದ್ದು ನವೆಂಬರ್ 2ಕ್ಕೆ. ರಾಜ್ಯೋತ್ಸವಕ್ಕೆ ಮೂರು ದಿನ ಮೊದಲು ಹೋಗುವ ಟಿಕೆಟು, ಮರುದಿನ ಬರುವ ಟಿಕೆಟು ಎಂದರೆ ನೆನಪಿನಲ್ಲಿ ಉಳಿಯುತ್ತದೆ. ನಮ್ಮೂರಿನವರಿಗೆ ನವೆಂಬರ್ 1 ಹೇಗೂ ಮರೆಯುವ ದಿನ ಅಲ್ಲವಲ್ಲ. ವಂದೇ ಭಾರತ್ ಎರಡುಂಟು. ಮಂಗಳೂರಿನಿಂದ ಬೆಳಿಗ್ಗೆ ಬರುವುದು ಆಲಪ್ಪುಳ ದಾರಿಯದು, ಎರ್ನಾಕುಳಂ ಜಂಕ್ಷನ್‌ನಲ್ಲಿ ನಿಲ್ಲುತ್ತದೆ. ಮಧ್ಯಾಹ್ನ ಕಾಸರಗೋಡಿನಿಂದಲೇ ಹೊರಡುವುದು ಕೋಟ್ಟಯಂ ದಾರಿಯದು, ಟೌನ್ ಸ್ಟೇಷನ್‌ಗೆ ಹೋಗುತ್ತದೆ. ಎರಡಕ್ಕೂ ವಾರಕ್ಕೊಂದು ರಜೆ ಇರುವುದರಿಂದ ನಿಮ್ಮ ತಾರೀಕು ಯಾವ ವಾರ ಬೀಳುತ್ತದೆ ನೋಡಿಕೊಳ್ಳಿ. ಬೆಳಗಿನದ್ದೇ ಒಳ್ಳೆಯದು, ಮಧ್ಯಾಹ್ನದೊಳಗೆ ಇಳಿಯಬಹುದು. ರಾತ್ರಿಯ ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್ ಹೋಗುವಾಗ ಬೇಡ. ಎರಡೂ ನಿಮ್ಮನ್ನು ಅಪರಾತ್ರಿಯಲ್ಲಿ ಇಳಿಸುತ್ತವೆ, ಆ ಹೊತ್ತಿಗೆ ಬೋಟೂ ಇಲ್ಲ, ಕೋಣೆಯೂ ತೆರೆದಿರುವುದಿಲ್ಲ.

ಎರ್ನಾಕುಳದಿಂದ ಫೋರ್ಟ್ ಕೊಚ್ಚಿಗೆ ಬಸ್ಸಿಗಿಂತ ನೀರಿನ ದಾರಿಯೇ ಸುಖ. ಜಂಕ್ಷನ್‌ನಲ್ಲಿ ಇಳಿದವರಿಗೆ ಸುಭಾಷ್ ಪಾರ್ಕಿನ ಹತ್ತಿರದ ಸರಕಾರಿ ಬೋಟ್ ಜೆಟ್ಟಿ, ಹತ್ತು ರೂಪಾಯಿಯೊಳಗೆ ಮುಗಿಯುತ್ತದೆ. ಟೌನಿನಲ್ಲಿ ಇಳಿದವರಿಗೆ ಹೈಕೋರ್ಟ್ ಟರ್ಮಿನಲಿನ ವಾಟರ್ ಮೆಟ್ರೋ. ಈ ಮಾರ್ಗ ಶುರುವಾದದ್ದು 2024ರ ಏಪ್ರಿಲಿನಲ್ಲಿ, ಆಗ ಇಟ್ಟ ದರ 40 ರೂಪಾಯಿ. ಎ.ಸಿ. ಉಂಟು, ಆದರೆ ಬೋಟಿನಲ್ಲಿ ತುಂಬಿಸುವ ಜನಕ್ಕೆ ಲೆಕ್ಕವೂ ಉಂಟು. ರಜಾದಿನಗಳಲ್ಲಿ ಸರದಿ ಉದ್ದವಾದರೆ ಹಳೆಯ ಬೋಟೇ ಬೇಗ.

ಕೋಣೆಯನ್ನು ಎರ್ನಾಕುಳದಲ್ಲಿ ಮಾಡಬೇಡಿ. 31ರ ರಾತ್ರಿ ಫೋರ್ಟ್ ಕೊಚ್ಚಿಯ ಒಳಗೇ ಮಲಗುವ ಜಾಗ ಇರಬೇಕು, ಅದು ಈ ಇಡೀ ಯೋಜನೆಯ ಆಧಾರಕಂಬ. ದೊಡ್ಡ ಪಪ್ಪಾಂಜಿ ಸುಡುವ ಪರೇಡ್ ಮೈದಾನದ ಸುತ್ತಮುತ್ತ ಗದ್ದಲ. ವೇಳಿ, ಅಮರಾವತಿ ಕಡೆಯ ಹೋಮ್‌ಸ್ಟೇಗಳಲ್ಲಿ ನಿದ್ದೆ ಬರುತ್ತದೆ. ಆ ವಾರ ಬಾಡಿಗೆ ಎರಡು ಪಟ್ಟು ಎಂದೇ ಲೆಕ್ಕ ಹಾಕಿ. ಸೊಳ್ಳೆಬಲೆ ಇದೆಯೇ ಎಂದು ಫೋನಿನಲ್ಲೇ ಕೇಳಿ. ಕೊಚ್ಚಿ ಕಂಡವನಿಗೆ ಅಚ್ಚಿ (ಹೆಂಡತಿ) ಬೇಡ ಎಂದು ಮಲಯಾಳದ ಗಾದೆ. ಗಾದೆ ಕಟ್ಟಿದವನಿಗೆ ಅಲ್ಲಿಯ ಸೊಳ್ಳೆ ಕಚ್ಚಿರಲಿಕ್ಕಿಲ್ಲ.

ಮೊದಲ ಸಂಜೆ ಯಾವ ಪ್ರೇಕ್ಷಣೀಯ ಸ್ಥಳಕ್ಕೂ ಹೋಗದೆ ಪ್ರಿನ್ಸೆಸ್ ಸ್ಟ್ರೀಟ್, ಬರ್ಗರ್ ಸ್ಟ್ರೀಟ್, ರೋಸ್ ಸ್ಟ್ರೀಟುಗಳಲ್ಲಿ ಸುಮ್ಮನೆ ಸುತ್ತುವುದು ನಮ್ಮ ಕ್ರಮ. ಹಳೆಯ ಡಚ್ ಮನೆಗಳಲ್ಲಿ ಕಾಫಿ ಅಂಗಡಿ, ಅದರ ಒಳಗೆ ಚಿತ್ರಪ್ರದರ್ಶನ, ಹೊರಗಿನ ಗೋಡೆಯಲ್ಲಿ ಇನ್ನೊಂದು ಚಿತ್ರ. 2012ರ ಡಿಸೆಂಬರ್ 12ಕ್ಕೆ ಕೊಚ್ಚಿ-ಮುಜಿರಿಸ್ ಬಿಯನಾಲೆ ಎಂಬ ಕಲಾಮೇಳ ಆರಂಭವಾದ ಮೇಲೆ ಕಲಾವಿದರ ಬೀಡು ಎಂಬ ಹೆಸರು ಇನ್ನಷ್ಟು ಗಟ್ಟಿಯಾಯಿತು. ‘ಗೆಸ್ ಹೂ’ ಎಂಬ ಹೆಸರಿನಲ್ಲಿ ಗುರುತು ಮರೆಸಿಕೊಂಡು ಬಿಡಿಸುವವರ ಗೋಡೆಚಿತ್ರಗಳು ಸುದ್ದಿಯಾದದ್ದೂ ಆಗಲೇ. ಹಳೆಯ ಫೋಟೋ ಹಿಡಿದು ಗೋಡೆಚಿತ್ರ ಹುಡುಕಬೇಡಿ. ಒಂದೆರಡು ಮಳೆಗಾಲಕ್ಕೆ ಸುಣ್ಣ ಏಳುತ್ತದೆ, ಹೊಸಬರು ಬಂದು ಮೇಲೆ ಬಳಿಯುತ್ತಾರೆ. ಬಿಯನಾಲೆ ಎರಡು ವರ್ಷಕ್ಕೊಮ್ಮೆ. ತಾರೀಕು ಜಾರುವುದೂ ಉಂಟು: 2022ರಲ್ಲಿ ಡಿಸೆಂಬರ್ 12ರಿಂದ 23ಕ್ಕೆ ಹೋಯಿತು. ಅದೊಂದನ್ನೇ ನಂಬಿ ಟಿಕೆಟು ಮಾಡುವುದು ಬೇಡ.

ಮೀನು ಹಿಡಿಯುವ ಚೀನೀ ಬಲೆಗಳನ್ನು ಬೆಳಿಗ್ಗೆ ಏಳರ ಮೊದಲು ನೋಡಿ. ಹಗ್ಗಕ್ಕೆ ಕಟ್ಟಿದ ಕಲ್ಲುಗಳ ಭಾರದಿಂದ ಬಲೆ ಏಳುವುದು, ನಾಲ್ಕಾರು ಜನ ಎಳೆಯುವುದು ಆಗ ನಿಜವಾದ ಕೆಲಸ. ಹತ್ತು ಗಂಟೆಯ ಮೇಲೆ ಅದು ಪ್ರವಾಸಿಗರಿಗೆ ತೋರಿಸುವ ಆಟ. ಎಳೆಯಲು ಕರೆದರೆ ಕೊನೆಗೆ ಹಣ ಕೇಳುತ್ತಾರೆ, ಮೊದಲೇ ಮಾತಾಡಿಕೊಳ್ಳಿ. ಅಲ್ಲಿಂದ ಸಂತ ಫ್ರಾನ್ಸಿಸ್ ಇಗರ್ಜಿ ಹತ್ತಿರವೇ. 1524ರಲ್ಲಿ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ ಜಾಗ ಅದು, ಅವಶೇಷ ಆಮೇಲೆ ಪೋರ್ಚುಗಲ್ಲಿಗೆ ಹೋಯಿತು. ಅರ್ಧ ಗಂಟೆ ಸಾಕು.

ಇಡೀ ಒಂದು ದಿನ ಕೊಡಬೇಕಾದದ್ದು ಮಟ್ಟಾಂಚೇರಿಗೆ. ಕಲ್ವತ್ತಿಯಿಂದ ಬಜಾರ್ ರಸ್ತೆ ಹಿಡಿದು ನಡೆದರೆ ಸುಮಾರು ಎರಡೂವರೆ ಕಿಲೋಮೀಟರು. ಆಟೋದಲ್ಲಿ ಹೋದರೆ ಶುಂಠಿ, ಕರಿಮೆಣಸಿನ ಗೋದಾಮುಗಳ ಘಾಟು ಸಿಗುವುದಿಲ್ಲ. ನಮ್ಮ ತೋಟದ ಕರಿಮೆಣಸಿನ ವಾಸನೆಯೇ, ಆದರೆ ಒಣ ಹಣ್ಣಿನ, ಗೋಣಿಯ, ಉಪ್ಪುನೀರಿನ ವಾಸನೆ ಬೆರೆತು ಬೇರೆಯೇ ಆಗಿರುತ್ತದೆ. ದಿನ ಆರಿಸುವಾಗ ಎಚ್ಚರ: ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ, ಯೆಹೂದಿಗಳ ಪ್ರಾರ್ಥನಾಮಂದಿರವಾದ ಪರದೇಶಿ ಸಿನಗಾಗ್‌ಗೆ ಶನಿವಾರ ರಜೆ, ಶುಕ್ರವಾರ ಮಧ್ಯಾಹ್ನದ ಮೇಲೂ ಬಾಗಿಲು ಹಾಕುತ್ತಾರೆ. ಯೆಹೂದಿ ಹಬ್ಬ ಬಂದರೆ ಅದೂ ಇಲ್ಲ. ಅರಮನೆಯನ್ನು ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸನಿಗೆ ಕೊಟ್ಟದ್ದು, ಡಚ್ಚರು ದುರಸ್ತಿ ಮಾಡಿದ ಕಾರಣ ಡಚ್ ಪ್ಯಾಲೇಸ್ ಎಂಬ ಹೆಸರು ಅಂಟಿತು. ಒಳಗಿನ ರಾಮಾಯಣದ ಭಿತ್ತಿಚಿತ್ರಗಳ ಮುಂದೆ ಗುಂಪು ಸರಿಯುವ ತನಕ ಕಾಯಿರಿ. ಸಿನಗಾಗ್ 1568ರದ್ದು, ನೆಲದ ನೀಲಿ-ಬಿಳಿ ಚೀನೀ ಹಂಚುಗಳನ್ನು ನೋಡಲು ತಲೆ ಬಗ್ಗಿಸಬೇಕು, ಹೆಚ್ಚಿನವರು ದೀಪಗುಚ್ಛ ನೋಡುತ್ತಾ ಹೊರಗೆ ಬರುತ್ತಾರೆ.

ಸಿನಗಾಗ್ ಇರುವ ಜ್ಯೂ ಟೌನಿನ ಕೊನೆಯಲ್ಲೇ ಹಿಂದೆ ತಿರುಗಬೇಡಿ. ಚೆರ್ಲಾಯಿ ಕಡೆಗೆ ನಡೆದರೆ ಕೊಂಕಣಿಗರ ಕೇರಿ, ತಿರುಮಲ ದೇವಸ್ವಂ ದೇವಸ್ಥಾನ. ಕೊಂಕಣಿಗರ ಜಾತ್ರೆಯಾದ ಮಂಜೇಶ್ವರದ ಷಷ್ಠಿಗೆ ಹೋಗಿ ಅಭ್ಯಾಸ ಇದ್ದವರಿಗೆ ಇಲ್ಲಿ ಯಾರೂ ಏನೂ ವಿವರಿಸಬೇಕಾಗಿಲ್ಲ. ಗುಜರಾತಿ ರಸ್ತೆಯಲ್ಲಿ ಸಸ್ಯಾಹಾರಿಗಳ ಊಟದ ಚಿಂತೆ ಮುಗಿಯುತ್ತದೆ. ಬಿರಿಯಾಣಿಯವರು ಒಂದು ಗಂಟೆಯೊಳಗೆ ಹೋಗಿ, ಹೆಸರುವಾಸಿ ಹೋಟೆಲುಗಳಲ್ಲಿ ಎರಡಕ್ಕೆ ಪಾತ್ರೆ ಖಾಲಿ. ವೇಳಿಯ ಧೋಬಿ ಖಾನಾದಲ್ಲಿ ತಮಿಳು ವಣ್ಣಾರ್ ಮನೆಯವರು ಇನ್ನೂ ಕೈಯಲ್ಲೇ ಒಗೆಯುತ್ತಾರೆ. ಬಟ್ಟೆ ಒಣಗಿಸಲು ಕ್ಲಿಪ್ಪು ಇಲ್ಲ. ಎರಡು ಹಗ್ಗ ಹೊಸೆದು ಹೊಸೆತದ ನಡುವೆ ಬಟ್ಟೆಯ ತುದಿ ಸಿಕ್ಕಿಸುತ್ತಾರೆ. ಅದು ಅವರ ದುಡಿಮೆಯ ಜಾಗ, ಫೋಟೋ ಕೇಳಿಯೇ ತೆಗೆಯಿರಿ.

ಇನ್ನು ಕಾರ್ನಿವಲ್. 1984ರಲ್ಲಿ ಊರಿನ ಯುವಕರು ಸೇರಿ ಶುರುಮಾಡಿದ್ದು. ಇಂದಿಗೂ ನಡೆಸುವುದು ಕ್ಲಬ್ಬುಗಳೇ. ಹಗ್ಗಜಗ್ಗಾಟ, ಸೈಕಲ್ ರೇಸು, ಈಜು, ರಂಗೋಲಿ ಒಂದೊಂದು ಒಂದೊಂದು ಕಡೆ. ಪಟ್ಟಿ ಮೊದಲೇ ಕೈಗೆ ಸಿಗುವುದು ಅಪರೂಪ. ಬೆಳಗಿನ ಚಹಾದ ಅಂಗಡಿಯಲ್ಲಿ ‘ಇನ್ನೆಂದಾ ಪರಿಪಾಡಿ?’ (ಇವತ್ತು ಏನು ಕಾರ್ಯಕ್ರಮ?) ಎಂದು ಕೇಳಿದರೆ ದಿನದ ಲೆಕ್ಕ ಸಿಗುತ್ತದೆ. ಆ ವಿಷಯದಲ್ಲಿ ನಾವು ಬೆಂಗಳೂರಿನವರಿಗಿಂತ ಒಂದು ಹೆಜ್ಜೆ ಮುಂದೆ, ಮಲಯಾಳ ಕಲಿಸಿದ ನಮ್ಮೂರಿನ ಬಸ್‌ಸ್ಟ್ಯಾಂಡಿಗೆ ಕೃತಜ್ಞತೆ.

ಪಪ್ಪಾಂಜಿ ಎಂದರೆ ಕಳೆಯುವ ವರ್ಷದ ಮುದುಕ, ಪೋರ್ಚುಗೀಸರ ಕಾಲದ ಬಳುವಳಿ. ಪರೇಡ್ ಮೈದಾನದ್ದು ಹತ್ತಾರು ಅಡಿಯದು, ಹಂದರ ಕಟ್ಟಿ ಗೋಣಿ, ಬಟ್ಟೆ ಹೊದಿಸುತ್ತಾರೆ. ಆದರೆ ನೋಡಬೇಕಾದದ್ದು ಗಲ್ಲಿಯ ಪಪ್ಪಾಂಜಿ: ಹಳೆಯ ಪ್ಯಾಂಟು-ಕೋಟಿಗೆ ಬೈಹುಲ್ಲು ತುಂಬಿಸಿ, ಮುಖವಾಡ, ಟೊಪ್ಪಿ ಇಟ್ಟು ಕುರ್ಚಿಯಲ್ಲಿ ಕೂರಿಸಿದ್ದು. 29, 30ರ ಸಂಜೆ ಮಕ್ಕಳು ಇದನ್ನು ಕಟ್ಟುತ್ತಿರುತ್ತಾರೆ. ಕಾಣಿಕೆ ಡಬ್ಬ ಮುಂದೆ ಬರುತ್ತದೆ. ಹತ್ತು, ಇಪ್ಪತ್ತರ ನೋಟು ಬೇರೆ ಕಿಸೆಯಲ್ಲಿಡಿ. ನಮ್ಮಲ್ಲಿ ನವರಾತ್ರಿಯ ವೇಷಕ್ಕೆ ಕೊಡುವ ಹಾಗೆಯೇ. ವೇಳಿ ಮೈದಾನದಲ್ಲಿ ನೈಟ್ಸ್ ಯುನೈಟೆಡ್ ಕ್ಲಬ್ಬಿನವರು ದೊಡ್ಡ ಮಳೆಮರವೊಂದಕ್ಕೆ ಕೊಂಬೆ ಕೊಂಬೆಗೂ ದೀಪ ಕಟ್ಟುತ್ತಾರೆ. ಅದನ್ನು 31ಕ್ಕೆ ಉಳಿಸಬೇಡಿ, ಮೊದಲೇ ಒಂದು ರಾತ್ರಿ ನೋಡಿ.

31ರಂದು ಮಧ್ಯಾಹ್ನವೇ ವಾಹನಗಳನ್ನು ತಡೆಯಲು ಶುರುಮಾಡುತ್ತಾರೆ. 2022ರ ನೂಕುನುಗ್ಗಲಿನ ನಂತರ ಪೊಲೀಸರ ಬಿಗಿ ಹೆಚ್ಚಿದೆ. ಸಂಜೆಯೊಳಗೆ ನೀರು, ಬಾಳೆಹಣ್ಣು, ಅವಲಕ್ಕಿ ಕೋಣೆಯಲ್ಲಿರಲಿ; ಒಂಬತ್ತರ ಮೇಲೆ ಹೋಟೆಲಿನಲ್ಲಿ ತಿನ್ನಲು ಉಳಿಯುವುದಿಲ್ಲ, ಶೌಚಾಲಯಕ್ಕೂ ಸರದಿ. ದೊಡ್ಡ ಪಪ್ಪಾಂಜಿಯನ್ನು ಬೆಳಕಿರುವಾಗಲೇ ನೋಡಿ ಮುಗಿಸಿ. ಫೋನು ಹೋಗದ ಹೊತ್ತು ಬರುವುದರಿಂದ ಮನೆಯವರೆಲ್ಲ ಸೇರುವ ಜಾಗವೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮಕ್ಕಳು, ಪ್ರಾಯದವರು ಇದ್ದರೆ ಹತ್ತರೊಳಗೆ ಮೈದಾನ ಬಿಟ್ಟು ಕೋಣೆಯ ಹತ್ತಿರದ ಗಲ್ಲಿಗೆ ಬನ್ನಿ. ಹನ್ನೆರಡಕ್ಕೆ ಅಲ್ಲಿಯೂ ಒಂದು ಪಪ್ಪಾಂಜಿ ಉರಿಯುತ್ತದೆ, ಮನೆಯವರು ಕೇಕ್ ತುಂಡು ಕೈಗೆ ಕೊಡುತ್ತಾರೆ. ಒಳಗೆ ಪಟಾಕಿ ಇಟ್ಟಿರುತ್ತಾರೆ, ಹತ್ತಿರ ನಿಲ್ಲಬೇಡಿ. ಆ ರಾತ್ರಿಯೇ ಎರ್ನಾಕುಳಕ್ಕೆ ಮರಳುವ ಹಟ ಬೇಡ. 2024ರಲ್ಲಿ ರಾಷ್ಟ್ರೀಯ ಶೋಕಾಚರಣೆಯಿಂದಾಗಿ ಪರೇಡ್ ಮೈದಾನದ ಪಪ್ಪಾಂಜಿಯೂ ಮೆರವಣಿಗೆಯೂ ರದ್ದಾದವು. 28ಕ್ಕೇ ಹೋಗಿರಬೇಕು ಎನ್ನುವುದಕ್ಕೆ ಅದೂ ಒಂದು ಕಾರಣ.

ಜನವರಿ 1ರ ಮೆರವಣಿಗೆ ವೇಳಿಯಿಂದ ಪರೇಡ್ ಮೈದಾನದ ಕಡೆಗೆ ಮಧ್ಯಾಹ್ನದ ನಂತರ ಹೊರಡುತ್ತದೆ. ಎಲ್ಲರೂ ಮೈದಾನದಲ್ಲಿ ಕಾಯುತ್ತಾರೆ, ನೀವು ವೇಳಿಯ ತುದಿಯಲ್ಲಿ ಎರಡು ಗಂಟೆಗೇ ನಿಲ್ಲಿ. ಬಣ್ಣ ಬಳಿಯುವುದು, ಕಿರೀಟ ಕಟ್ಟುವುದು ಎಲ್ಲ ರಸ್ತೆಬದಿಯಲ್ಲೇ. ಯಕ್ಷಗಾನದ ಚೌಕಿ ನೋಡಿದ ಹಾಗೆ. ಟ್ಯಾಬ್ಲೋಗಳ ನಡುವೆ ದೈವದ ವೇಷವಾದ ತೆಯ್ಯವೂ ಕುಣಿಯುತ್ತದೆ. ಕಳಿಯಾಟ್ಟಕ್ಕೆ (ತೆಯ್ಯದ ಉತ್ಸವಕ್ಕೆ) ಕೈಮುಗಿದು ನಿಲ್ಲುವ ನಮಗೆ ಲಾರಿಯ ಮೇಲಿನ ತೆಯ್ಯ ಸ್ವಲ್ಪ ಇರುಸುಮುರುಸು, ಹೇಳದೆ ಇರಲಾರೆ.

ಮೆರವಣಿಗೆಯ ತಲೆ ಮೈದಾನ ಮುಟ್ಟುವ ಮೊದಲೇ ಚೀಲ ಎತ್ತಿಕೊಳ್ಳಿ, ಆಮೇಲೆ ಜೆಟ್ಟಿಯ ಸರದಿ ಬೆಳೆಯುತ್ತದೆ. ಮಲಬಾರ್, ಮಾವೇಲಿ ಎರಡೂ ಎರ್ನಾಕುಳಕ್ಕೆ ಬರುವುದು ರಾತ್ರಿ ಹತ್ತು ಕಳೆದ ಮೇಲೆ, ಆದರೆ ಮಲಬಾರ್ ಟೌನಿಗೆ, ಮಾವೇಲಿ ಜಂಕ್ಷನ್‌ಗೆ. ನಿಮ್ಮ ಟಿಕೆಟಿನಲ್ಲಿ ಯಾವುದಿದೆ ಎಂದು ಬೋಟ್ ಹತ್ತುವ ಮೊದಲೇ ನೋಡಿಕೊಳ್ಳಿ. ಹೈಕೋರ್ಟಿಗೆ ಹೋಗುವ ಬೋಟು ಬೇರೆ, ಸುಭಾಷ್ ಪಾರ್ಕಿನದ್ದು ಬೇರೆ.