ಬಳ್ಳಾರಿಯ ಮಾಳಿಗೆ ಮನೆಯಲ್ಲಿ ಡ್ವೊರ್ಜಾಕ್

ರಂಗಗೀತೆ, ತತ್ವಪದ, ಬಯಲಾಟದ ಹಾಡುಗಳ ಧ್ವನಿಮುದ್ರಣ ನನ್ನ ಕಸುಬು. ಪಿಟೀಲು ನನಗೆ ಪಕ್ಕವಾದ್ಯವಾಗಿಯೇ ಪರಿಚಯ. ಕಲಾವಿದರು ನೆಲದ ಮೇಲೆ ಕೂರುತ್ತಾರೆ, ವಾದ್ಯದಿಂದ ಎರಡು ಗೇಣು ದೂರಕ್ಕೆ ಮೈಕು ಇಡುತ್ತೇನೆ, ಮಿಕ್ಕಿದ್ದನ್ನು ಮಿಕ್ಸರ್ ನೋಡಿಕೊಳ್ಳುತ್ತದೆ. ಪಿಟೀಲಿಗಿಂತ ತುಸು ದೊಡ್ಡದಾದ, ಕೆಳದನಿಯ ವಯೋಲವನ್ನು ಬೆಂಗಳೂರಿನಲ್ಲಿ ನುಡಿಸುವ ನಮ್ಮೂರಿನ ಹುಡುಗನೊಬ್ಬ ಇಬ್ಬರು ಪಿಟೀಲು ಗೆಳೆಯರನ್ನು ಕರೆದುಕೊಂಡು ಬಂದು, ‘ಅಣ್ಣಾ, ಡ್ವೊರ್ಜಾಕ್‌ನ ತೆರ್ಚೆತ್ತೊ ಮುದ್ರಿಸಬೇಕು, ನಮ್ಮ ಅಜ್ಜಿಯ ಮನೆಯಲ್ಲೇ ಆಗಬೇಕು’ ಎಂದಾಗ ನಾನು ಮೊದಲು ಕೇಳಿದ್ದು ತಳದ ಸ್ವರ ಕೊಡುವ ದೊಡ್ಡ ತಂತಿವಾದ್ಯ ಚೆಲ್ಲೊ ಎಲ್ಲಿ ಎಂದು. ಡ್ವೊರ್ಜಾಕ್ ಹತ್ತೊಂಬತ್ತನೇ ಶತಮಾನದ ಚೆಕ್ ಸಂಗೀತ ರಚನೆಕಾರ, ತೆರ್ಚೆತ್ತೊ ಎಂದರೆ ಮೂವರು ನುಡಿಸುವ ಕೃತಿ. ಅದಕ್ಕೆ ಚೆಲ್ಲೊ ಬೇಡವಂತೆ. ಎರಡು ಪಿಟೀಲು, ಒಂದು ವಯೋಲ, ಅಷ್ಟೇ.

ಕೃತಿ ಹುಟ್ಟಿದ್ದೂ ಮನೆಯಲ್ಲಿಯೇ. 1887ರ ಜನವರಿಯಲ್ಲಿ ಪ್ರಾಗ್‌ನಲ್ಲಿ ಡ್ವೊರ್ಜಾಕ್ ಇದ್ದ ಮನೆಯಲ್ಲೇ ರಸಾಯನಶಾಸ್ತ್ರದ ವಿದ್ಯಾರ್ಥಿಯೊಬ್ಬ ಬಾಡಿಗೆಗಿದ್ದ. ಅವನು ಪಿಟೀಲು ಕಲಿಯುತ್ತಿದ್ದ. ಆ ಹುಡುಗ, ಅವನ ಗುರು, ವಯೋಲ ಹಿಡಿದು ತಾನು, ಹೀಗೆ ಮೂವರೂ ಕೂತು ನುಡಿಸಲೆಂದು ಡ್ವೊರ್ಜಾಕ್ ಇದನ್ನು ಬರೆದ. ಹುಡುಗನಿಗೆ ಕಷ್ಟವಾಯಿತೆಂದು ಸುಲಭದ ಇನ್ನೊಂದನ್ನೂ ಬರೆದುಕೊಟ್ಟ. ಹೀಗೆ ಮನೆಮಂದಿಗಾಗಿ ಬರೆದ ಸಂಗೀತವನ್ನು ದೊಡ್ಡ ಸಭಾಂಗಣದಲ್ಲಿ ಮುದ್ರಿಸುವುದು ನನಗೂ ಸರಿ ಕಾಣಲಿಲ್ಲ. ರಾಘವ ಕಲಾಮಂದಿರ ನಾಟಕಕ್ಕೆ ಚೆಂದ, ಮೂರು ತಂತಿವಾದ್ಯಕ್ಕೆ ಪಡಸಾಲೆ ಸಾಕು.

ಅಜ್ಜಿಯ ಮನೆ ಕೋಟೆಯ ಕಡೆಗಿದೆ. ಮಣ್ಣಿನ ಮಾಳಿಗೆ, ತೇಗದ ಜಂತಿಗಳು, ಕಡಪ ಕಲ್ಲಿನ ನೆಲ. ಜಂತಿಗಳು ಬೆಲೆಬಾಳುವ ಆಸ್ತಿ ಎಂಬುದು ಚಪ್ಪಾಳೆ ತಟ್ಟಿ ನೋಡಿದಾಗಲೇ ತಿಳಿಯಿತು. ಪಿಟೀಲಿನ ನಾದ ಹೆಚ್ಚಾಗಿ ಅದರ ಮೇಲ್ಹಲಗೆಯಿಂದ ಮೇಲಕ್ಕೆ ಚಿಮ್ಮುತ್ತದೆ. ಸಪಾಟಾದ ಆರ್‌ಸಿಸಿ ಚಾವಣಿ ಅದನ್ನು ಹಾಗೆಯೇ ಕೆಳಕ್ಕೆ ಎಸೆಯುತ್ತದೆ, ಸಾಲು ಜಂತಿ ಒಡೆದು ಹರಡುತ್ತದೆ. ತೊಂದರೆಯಿದ್ದದ್ದು ಗೋಡೆಗಳಲ್ಲಿ. ಎದುರುಬದುರು ನಿಂತ ಎರಡು ಬೋಳು ಗೋಡೆಗಳ ನಡುವೆ ಚಪ್ಪಾಳೆಯ ಸದ್ದು ಪಟಪಟನೆ ಓಡಾಡುತ್ತಿತ್ತು.

ಅದಕ್ಕೆ ಬಳ್ಳಾರಿಯಲ್ಲಿ ಮದ್ದು ಅಗ್ಗವಾಗಿ ಸಿಗುತ್ತದೆ: ಜೀನ್ಸ್ ಹೊಲಿಯುವವರ ಬಳಿ ಉಳಿಯುವ ಕತ್ತರಿಸಿದ ತುಂಡುಗಳು. ಎರಡಡಿ ಅಗಲ, ನಾಲ್ಕಡಿ ಎತ್ತರದ ಮರದ ಚೌಕಟ್ಟಿನೊಳಗೆ ನಾಲ್ಕು ಅಂಗುಲ ದಪ್ಪಕ್ಕೆ ಅವನ್ನು ಸಡಿಲವಾಗಿ ತುಂಬಿ, ಮೇಲೆ ತೆಳು ಹತ್ತಿ ಬಟ್ಟೆ ಹೊಡೆದೆ. ನಾರಿನ ನಡುವೆ ನುಸುಳುವ ಗಾಳಿ ತಿಕ್ಕಾಡಿ, ಸದ್ದಿನ ಶಕ್ತಿ ಶಾಖವಾಗಿ ಕರಗುತ್ತದೆ. ಒತ್ತಿ ತುಂಬಿದರೆ ಗಾಳಿ ಒಳಗೇ ಹೋಗುವುದಿಲ್ಲ. ಚೌಕಟ್ಟುಗಳನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ನಿಲ್ಲಿಸಿದರೆ ಇನ್ನೂ ಕೆಳಗಿನ ಸ್ವರಗಳವರೆಗೆ ಕೆಲಸ ಮಾಡುತ್ತವೆ. ಒಂದು ಗೋಡೆಗೆ ಮಾತ್ರ ಇಟ್ಟೆ. ಎರಡಕ್ಕೂ ಇಟ್ಟರೆ ಪಿಟೀಲು ಒಣಗಿದ ಹಾಗೆ ಕೇಳುತ್ತದೆ, ತುಸು ಪ್ರತಿಧ್ವನಿ ಅದಕ್ಕೆ ಉಸಿರಿನಷ್ಟೇ ಅಗತ್ಯ.

ಮೈಕು ಎರಡೇ. ಫ್ರಾನ್ಸಿನ ರೇಡಿಯೊದವರು ರೂಢಿಗೆ ತಂದ ಜೋಡಣೆ ಇದು. ಎರಡರ ನಡುವೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ. ಆಳೆತ್ತರಕ್ಕಿಂತ ಒಂದೆರಡಡಿ ಮೇಲೆ, ವಾದಕರ ಎದುರಿಗೆ ಸುಮಾರು ಎರಡು ಮೀಟರ್ ದೂರದಲ್ಲಿ ನಿಲ್ಲಿಸಿದೆ. ಹತ್ತಿರ ತಂದರೆ ಕಮಾನಿನ ಗರಗರ, ದೂರ ಒಯ್ದರೆ ಪಡಸಾಲೆಯೇ ಹಾಡುತ್ತದೆ. ವಾದ್ಯಕ್ಕೊಂದು ಮೈಕು ಏಕಿಲ್ಲ ಎಂದು ಕೇಳಿದವರಿದ್ದಾರೆ. ಮೂವರೂ ಒಬ್ಬರನ್ನೊಬ್ಬರು ಕೇಳಿಕೊಂಡು ತೂಗಿ ನುಡಿಸುವುದೇ ಈ ಸಂಗೀತದ ಜೀವ. ಆ ತೂಕವನ್ನು ಆಮೇಲೆ ನಾನು ಗುಂಡಿ ತಿರುವಿ ಬದಲಿಸುವುದಾದರೆ ಅವರು ಒಟ್ಟಿಗೆ ಕೂರುವ ಅಗತ್ಯವೇ ಇಲ್ಲ.

ಆದ್ದರಿಂದ ಹೆಚ್ಚು ಹೊತ್ತು ಹಿಡಿದದ್ದು ಕೂರುವ ಜಾಗಕ್ಕೆ. ಎಡಭುಜದ ಮೇಲಿನ ವಾದ್ಯ ಬಲಕ್ಕೆ ವಾಲಿರುತ್ತದೆ. ಹಾಗಾಗಿ ಮೈಕಿನ ಎಡಕ್ಕೆ ಕೂತವರ ನಾದ ನೇರವಾಗಿ ಬಂದರೆ, ಬಲಕ್ಕೆ ಕೂತವರದು ಹಿಂದಿನ ಗೋಡೆಯತ್ತ ಹೋಗಿ ಮಂಕಾಗುತ್ತದೆ. ಚೆಲ್ಲೊ ಇಲ್ಲದ ಕೃತಿಯಲ್ಲಿ ತಳಪಾಯವೇ ವಯೋಲ, ಅದು ಮಂಕಾದರೆ ಎಲ್ಲವೂ ತೇಲುತ್ತದೆ. ವಯೋಲವನ್ನು ಮಧ್ಯಕ್ಕೆ ತಂದು, ಎರಡನೇ ಪಿಟೀಲನ್ನು ಬಲಕ್ಕೆ ಹಾಕಿ, ಕುರ್ಚಿಯನ್ನು ಕೊಂಚ ಹೊರಕ್ಕೆ ತಿರುಗಿಸಿದೆವು. ಅದರ ನಾದ ಮೊದಲನೆಯದಕ್ಕಿಂತ ಒಂದು ಛಾಯೆ ಮೃದುವಾಯಿತು. ಎರಡೂ ಬೇರೆಬೇರೆ ಎಂದು ಕಿವಿಗೆ ತಿಳಿಯಲು ಅದೂ ಒಳ್ಳೆಯದಾಯಿತು. ಪ್ಲಾಸ್ಟಿಕ್ ಕುರ್ಚಿ ಕಿರುಗುಟ್ಟುತ್ತದೆಂದು ಟೈಲರ್ ಅಂಗಡಿಯಿಂದ ಮರದ ಸ್ಟೂಲುಗಳನ್ನು ತಂದೆ.

ಡಿಸೆಂಬರ್ ರಾತ್ರಿಗಳನ್ನು ಆರಿಸಿಕೊಂಡದ್ದು ಫ್ಯಾನಿನ ಹಂಗು ಬೇಡವೆಂದು. ಬೇಸಿಗೆಯ ಬಳ್ಳಾರಿಯಲ್ಲಿ ಫ್ಯಾನಿಲ್ಲದೆ ಕೂರಿ ಎಂದು ಹೇಳುವ ಧೈರ್ಯ ನನಗಿಲ್ಲ. ಫ್ರಿಜ್ ಬಂದ್ ಮಾಡಿಸಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿದೆ. ಗೂಡ್ಸ್ ರೈಲು ಮತ್ತು ಲಾರಿಗಳನ್ನು ಬಂದ್ ಮಾಡಿಸಲಾಗದು. ಇಲ್ಲಿ ಕೃತಿಯೇ ನೆರವಿಗೆ ಬಂತು. ವಯೋಲದ ಅತಿ ಕೆಳಗಿನ ತಂತಿ ಸುಮಾರು 131 ಹರ್ಟ್ಸ್, ಅದಕ್ಕಿಂತ ಕೆಳಗಿನ ಸ್ವರ ಈ ಸಂಗೀತದಲ್ಲಿ ಇಲ್ಲವೇ ಇಲ್ಲ. 80 ಹರ್ಟ್ಸ್‌ನಿಂದ ಕೆಳಗಿನದನ್ನು ಕತ್ತರಿಸಿದೆ, ಲಾರಿಯ ಗುಡುಗು ಬಹುಪಾಲು ಅದರೊಂದಿಗೆ ಹೋಯಿತು. ಚೆಲ್ಲೊ ಇದ್ದಿದ್ದರೆ ಅದರ ಕೆಳತಂತಿ ಸುಮಾರು 65 ಹರ್ಟ್ಸ್, ಈ ಉಪಾಯ ನಡೆಯುತ್ತಿರಲಿಲ್ಲ.

ಹಲ್ಲಿಗೆ ಮಾತ್ರ ಯಾವ ಫಿಲ್ಟರೂ ಇಲ್ಲ. ಕೃತಿಯ ನಿಧಾನಗತಿಯ ಭಾಗವಾದ ಲಾರ್ಗೆತ್ತೊ ಮುಗಿಯುವ ಹೊತ್ತಿಗೆ ಜಂತಿಯಿಂದ ಲೊಚಲೊಚ ಎಂದಿತು. ಅಷ್ಟೇ ಆಗಿದ್ದರೆ ಬಿಡಬಹುದಿತ್ತು, ಒಳಕೋಣೆಯಲ್ಲಿ ಎಚ್ಚರವಾಗಿದ್ದ ಅಜ್ಜಿ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎಂದರು. ಇನ್ನೊಮ್ಮೆ ನುಡಿಸಬೇಕಾಯಿತು.

ಚಳಿಗಾಲದ ಒಣಹವೆಗೆ ಮರ ಕುಗ್ಗಿ ಬಿರಡೆಗಳು ಜಾರುತ್ತಿದ್ದವು. ನಮ್ಮ ಕಡೆಯ ಪಿಟೀಲು ವಿದ್ವಾಂಸರ ಹಾಗೆ ಅವರೂ ಸೀಮೆಸುಣ್ಣ ಸವರಿದರು, ಮೂಲೆಗಳಲ್ಲಿ ಒದ್ದೆ ಟವೆಲ್ ಹಾಕಿದೆವು. ಶ್ರುತಿಯ ವಿಷಯದಲ್ಲಿ ನಾನು ಹಠಮಾರಿ. ರಾತ್ರಿ ತಂಪಾದಂತೆ ತಂತಿ ಬಿಗಿದು ಸ್ವರ ಮೇಲೇರುತ್ತದೆ. ಹತ್ತು ಗಂಟೆಯ ತುಣುಕಿಗೆ ಒಂದು ಗಂಟೆಯ ತುಣುಕನ್ನು ಜೋಡಿಸಿದರೆ ಬೆಸುಗೆ ಕೇಳಿಸುತ್ತದೆ. ಪ್ರತಿ ಸಲವೂ ‘ಎ’ ತಂತಿಯನ್ನು 440 ಹರ್ಟ್ಸ್‌ಗೆ ಹೊಂದಿಸಿದ ಮೇಲೆಯೇ ಕೆಂಪು ಗುಂಡಿ ಒತ್ತಿದೆ.

ಪ್ರತಿ ಭಾಗವನ್ನೂ ಮೊದಲು ಪೂರ್ತಿ ನುಡಿಸಿದರು, ಆಮೇಲೆ ಸಾಲದ ಕಡೆಗಳನ್ನು ಮಾತ್ರ. ಕತ್ತರಿಸಲು ಒಳ್ಳೆಯ ಜಾಗವೆಂದರೆ ವಿರಾಮದ ನಂತರ ಕಮಾನು ತಂತಿಗೆ ಬೀಳುವ ಕ್ಷಣ. ಚುರುಕು ನಡೆಯ ಸ್ಕೆರ್ಟ್ಸೊ ಭಾಗದಲ್ಲಿ ಅಂಥವು ಬೇಕಾದಷ್ಟು, ಲಾರ್ಗೆತ್ತೊದಲ್ಲಿ ಹುಡುಕಬೇಕು. ಯಾರೂ ಅಲುಗಾಡದೆ ಕೂತ ಅರ್ಧ ನಿಮಿಷದ ಬರಿ ಪಡಸಾಲೆಯನ್ನೂ ಮುದ್ರಿಸಿಕೊಂಡಿದ್ದೆ, ತುಣುಕುಗಳ ನಡುವಿನ ಸಂದಿಗೆ ಅದನ್ನೇ ತುಂಬಿದೆ.

ಜೋರು ದನಿ, ಮೆಲುದನಿಗಳ ಅಂತರವನ್ನು ಕುಗ್ಗಿಸುವ ಕಂಪ್ರೆಸರ್ ಮುಟ್ಟಲಿಲ್ಲ. ಹಾಗಾಗಿ ಮೆಲುದನಿ ನಿಜಕ್ಕೂ ಮೆಲ್ಲಗಿದೆ, ಮೊಬೈಲ್ ಸ್ಪೀಕರಿನಲ್ಲಿ ಕೇಳಿದವರು ‘ಸದ್ದೇ ಇಲ್ಲವಲ್ಲ’ ಎಂದು ದೂರಿದರು. ಅವರಿಗಾಗಿ ಮೆಲುದನಿಯನ್ನು ತುಸು ಎತ್ತಿದ ಬೇರೆ ಪ್ರತಿ ಮಾಡಿದ್ದೇನೆ. ವಯೋಲದ ಹುಡುಗನಿಗೆ ಅದು ಒಂದಿಷ್ಟೂ ಹಿಡಿಸಿಲ್ಲ.