ಬಾಗಿಲು ಒಂಬತ್ತು, ಮೆಟ್ಟಿಲು ಎರಡು

ವಿಯೆನ್ನಾದಲ್ಲಿ ಇಳಿದದ್ದು ಜೂನ್ ಕೊನೆಯ ಒಂದು ಭಾನುವಾರ, ಸಂಜೆ ಐದಕ್ಕೆ. ಬೆಂಗಳೂರಿನ ಮನೆ ಬಿಟ್ಟು 18 ಗಂಟೆಯಾಗಿತ್ತು. ನಡುವೆ ದೋಹಾದಲ್ಲಿ ಕುರ್ಚಿ ಮೇಲೆ ತೂಕಡಿಸಿದ್ದೇ ನಿದ್ದೆ. ಹಿಂದೆ ಎರಡು ಸಲ ಯುರೋಪಿಗೆ ಹೋದಾಗಲೂ ಮೊದಲ ಸಂಜೆಯನ್ನು ಕೆಡಿಸಿಕೊಂಡಿದ್ದೆ. ಒಮ್ಮೆ ರೂಮಿಗೆ ಹೋದವನೇ ಬಿದ್ದುಕೊಂಡು ರಾತ್ರಿ ಎರಡಕ್ಕೆ ಕಣ್ಣು ಬಿಟ್ಟು ಕೂತೆ. ಇನ್ನೊಮ್ಮೆ ಇಷ್ಟು ದುಡ್ಡು ಸುರಿದು ಬಂದಿದ್ದೀನಲ್ಲ ಅಂತ ಸೀದಾ ಮ್ಯೂಸಿಯಮ್ಮಿಗೆ ನುಗ್ಗಿದೆ. ಏನು ನೋಡಿದೆನೋ ಇವತ್ತಿಗೂ ನೆನಪಿಲ್ಲ. ಈ ಸಲ ಹೊತ್ತು ಮುಳುಗುವ ತನಕ ಮಲಗಬಾರದು, ಹಾಗಂತ ಊರು ನೋಡುವ ಉಮೇದನ್ನೂ ಹಚ್ಚಿಕೊಳ್ಳಬಾರದು ಅಂತ ನಿಶ್ಚಯಿಸಿದ್ದೆ. ಜೂನಿನಲ್ಲಿ ಅಲ್ಲಿ ಹೊತ್ತು ಮುಳುಗುವುದು ಒಂಬತ್ತಕ್ಕೆ. ನಮ್ಮ ಗಡಿಯಾರದಲ್ಲಿ ಅದು ನಡುರಾತ್ರಿ ಹನ್ನೆರಡೂವರೆ.

ಏರ್‌ಪೋರ್ಟಿನಿಂದ ವಿಯೆನ್ ಮಿಟ್ಟೆ ಸ್ಟೇಷನ್ನಿಗೆ 16 ನಿಮಿಷದ ದುಬಾರಿ ರೈಲಿದೆ. ನಾನು ಹತ್ತಿದ್ದು ಎಸ್ 7 ಲೋಕಲ್, ಸುಮಾರು 25 ನಿಮಿಷ, ದರ ಅದರ ಅರ್ಧಕ್ಕಿಂತ ಕಡಿಮೆ. ಒಂಬತ್ತು ನಿಮಿಷ ಉಳಿಸಿ ನಾನೇನು ಮಾಡಬೇಕಿತ್ತು? ನಮ್ಮ ಮೆಟ್ರೋದ ಹಾಗೆ ಅಲ್ಲಿ ಗೇಟುಗಳಿಲ್ಲ, ಯಾರೂ ತಡೆಯುವುದಿಲ್ಲ. ಟಿಕೆಟ್ ಮಾತ್ರ ಕಿಸೆಯಲ್ಲಿರಲಿ; ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೂ ಬರಬಹುದು.

ಭಾನುವಾರ ಅಲ್ಲಿ ದಿನಸಿ ಅಂಗಡಿಗಳಿಗೆ ಬೀಗ. ದೊಡ್ಡ ಸ್ಟೇಷನ್ನುಗಳ ಒಳಗಿನ ಕೆಲವಷ್ಟೇ ತೆರೆದಿರುತ್ತವೆ ಅಂತ ಮೊದಲೇ ಕೇಳಿದ್ದರಿಂದ ಸೂಟ್‌ಕೇಸ್ ಎಳೆದುಕೊಂಡೇ ಒಳಗೆ ಹೋದೆ. ಇಡೀ ಊರೇ ಅಲ್ಲಿ ಕ್ಯೂ ನಿಂತಿತ್ತು. ಮೊಸರು, ಹಾಲು, ಬಾಳೆಹಣ್ಣು, ಒಂದೂವರೆ ಲೀಟರ್ ನೀರು ತಗೊಂಡೆ. ಹೊರಗೆ ಬಂದು ಮುಚ್ಚಳ ತಿರುಗಿಸಿದರೆ ಬುಸ್ಸೆಂದು ಅಂಗಿಯೆಲ್ಲ ಒದ್ದೆ. ಬಾಟಲಿ ಮೇಲೆ 'ಪ್ರಿಕೆಲ್ನ್ಡ್' ಅಂತ ಬರೆದಿತ್ತು. ಗ್ಯಾಸ್ ತುಂಬಿದ್ದು ಅಂತ ಅರ್ಥ, ಅಂದರೆ ಸೋಡಾ. ಬರೀ ನೀರು ಬೇಕಿದ್ದರೆ 'ಶ್ಟಿಲ್' ಅಂತ ಇರುವುದನ್ನು ಎತ್ತಿಕೊಳ್ಳಬೇಕು.

ಆಮೇಲೆ ಶುರುವಾಯಿತು ನಾನು ಉಳಿಯಬೇಕಿದ್ದ ಮನೆಯ ವಿಳಾಸದ ಪಜೀತಿ. ಬೀದಿಯ ಹೆಸರಿನ ಮುಂದೆ 12/2/9 ಅಂತಿತ್ತು. ಹನ್ನೆರಡನೇ ಕಟ್ಟಡ ಸಿಕ್ಕಿತು. ನಡುವಿನ 2 ಮಹಡಿಯ ಸಂಖ್ಯೆ ಇರಬೇಕು ಅಂದುಕೊಂಡು ಸೂಟ್‌ಕೇಸ್ ಹೊತ್ತು ಹತ್ತತೊಡಗಿದೆ. ಲಿಫ್ಟಿಲ್ಲ. ಒಂದು ಸುತ್ತು ಹತ್ತಿದರೆ 'ಮೆಟ್ಸಾನೀನ್'. ಹಳೇ ವಿಯೆನ್ನಾ ಮನೆಗಳಲ್ಲಿ ನೆಲಮಹಡಿಗೂ ಮೊದಲ ಮಹಡಿಗೂ ನಡುವೆ ಹೀಗೊಂದು ಇರುತ್ತದೆ, ಲೆಕ್ಕಕ್ಕೆ ಸೇರುವುದಿಲ್ಲ, ಕಾಲಿಗೆ ಮಾತ್ರ ಸೇರುತ್ತದೆ. ಅರ್ಧ ದಾರಿಯಲ್ಲಿ ಮೆಟ್ಟಿಲಿನ ದೀಪ ತಾನಾಗಿಯೇ ಆರಿತು. ಗೋಡೆ ತಡವಿ ಸ್ವಿಚ್ ಒತ್ತಿ, ಒಂಬತ್ತನೇ ಬಾಗಿಲಿನ ಬೀಗಕ್ಕೆ ಕೀಲಿ ತುರುಕಿ ತಿರುಗಿಸುತ್ತಿದ್ದೇನೆ, ಒಳಗಿನಿಂದ ಬಾಗಿಲು ತೆರೆಯಿತು! ಎಂಬತ್ತರ ಹತ್ತಿರದ ಅಜ್ಜಿ. ಕಳ್ಳನ ಹಾಗೆ ಕೀಲಿ ಹಿಡಿದು ನಿಂತವನಿಗೆ ಬಾಯಿಗೆ ಬಂದದ್ದು 'ಗ್ರ್ಯೂಸ್ ಗಾಟ್' ಒಂದೇ. ಅಲ್ಲಿಯ ನಮಸ್ಕಾರ ಅದು, ವಿಮಾನದಲ್ಲಿ ಕಲಿತದ್ದು. ಫೋನಿನಲ್ಲಿದ್ದ ವಿಳಾಸ ತೋರಿಸಿದೆ. ಅಜ್ಜಿ ಕನ್ನಡಕ ಏರಿಸಿ ಓದಿ, ನಡುವಿನ ಅಂಕಿಯ ಮೇಲೆ ಬೆರಳಿಟ್ಟು 'ಶ್ಟೀಗೆ ಟ್ಸ್ವಾಯ್' ಅಂದು ಕಿಟಕಿಯಾಚೆಗಿನ ಅಂಗಳದತ್ತ ಕೈ ತೋರಿಸಿದಳು. ಶ್ಟೀಗೆ ಅಂದರೆ ಮೆಟ್ಟಿಲಸಾಲು, ಟ್ಸ್ವಾಯ್ ಅಂದರೆ ಎರಡು. ಒಂದೇ ಕಟ್ಟಡಕ್ಕೆ ಎರಡು ಮೆಟ್ಟಿಲಸಾಲು. ನನ್ನದು ಅಂಗಳ ದಾಟಿ ಹಿಂದಿನದು. ಇಳಿದೆ, ಮತ್ತೆ ಹತ್ತಿದೆ.

ಸ್ನಾನ ಮಾಡಿದೆ. ಹಾಸಿಗೆ ಕರೆಯುತ್ತಿತ್ತು, ಕೂರಲಿಲ್ಲ. ಕೂತಿದ್ದರೆ ಕಥೆ ಮುಗಿಯುತ್ತಿತ್ತು. ನಿಂತುಕೊಂಡೇ ಮೊಸರಿಗೆ ಅವಲಕ್ಕಿ, ಚಟ್ನಿಪುಡಿ ಕಲಸಿ ತಿಂದೆ. ಅಮ್ಮ ಕಟ್ಟಿಕೊಟ್ಟಿದ್ದ ಧಾರವಾಡ ಪೇಡೆ ಮನೆಯಲ್ಲೇ ಉಳಿದಿತ್ತು. ಹೊರಗಿನಿಂದ ಯುರೋಪಿಗೆ ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ. ನಲ್ಲಿ ತಿರುಗಿಸಿ ಒಂದು ಲೋಟ ಕುಡಿದಾಗ ಸೋಡಾಗೆ ಕೊಟ್ಟ ಕಾಸು ಇನ್ನಷ್ಟು ಉರಿಯಿತು. ವಿಯೆನ್ನಾದ ನಲ್ಲಿಗೆ ಬರುವುದು ಆಲ್ಪ್ಸ್ ಬೆಟ್ಟಗಳ ಒರತೆ ನೀರು. 1873ರಿಂದಲೂ ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುತ್ತದೆ. ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿತ್ತು.

ಏಳೂವರೆಗೆ ಬರಿಗೈಯಲ್ಲಿ ಹೊರಟೆ. ಶ್ಟಾಟ್‌ಪಾರ್ಕ್ ದಾಟಿ ಸಂತ ಸ್ಟೀಫನ್ನರ ಚರ್ಚಿನವರೆಗೆ, ಅಷ್ಟೇ. ಪಾರ್ಕಿನಲ್ಲಿ ಸಂಗೀತಗಾರ ಸ್ಟ್ರಾಸ್ ಪಿಟೀಲು ಹಿಡಿದು, ಮೈಯೆಲ್ಲ ಬಂಗಾರವಾಗಿ, ಪ್ರತಿಮೆಯಾಗಿ ನಿಂತಿದ್ದ. ಒಂದು ಸಿಗ್ನಲ್ಲಿನಲ್ಲಿ ವಾಹನದ ಸುಳಿವೇ ಇಲ್ಲ, ಆದರೂ ಏಳೆಂಟು ಜನ ಕೆಂಪು ದೀಪಕ್ಕೆ ಕಾಯುತ್ತಿದ್ದರು; ನಾನೂ ನಿಂತೆ. ಚರ್ಚಿನ ಒಳಗೆ ಹೋಗಲಿಲ್ಲ. ಎದುರಿಗೆ ಕೂತು ಚಾವಣಿಯ ಬಣ್ಣದ ಹೆಂಚುಗಳ ಅಂಕುಡೊಂಕು ಪಟ್ಟೆಗಳನ್ನು ನೋಡಿದೆ. 1945ರ ಏಪ್ರಿಲ್ ಬೆಂಕಿಯಲ್ಲಿ ಹಳೆಯದು ಸುಟ್ಟುಹೋಗಿ ಮತ್ತೆ ಕಟ್ಟಿದ ಚಾವಣಿ ಅದು. 136 ಮೀಟರಿನ ಗೋಪುರದ ತುದಿಯಲ್ಲಿ ಇನ್ನೂ ಬಿಸಿಲಿತ್ತು, ಕೆಳಗೆ ನನ್ನ ತಲೆ ಎದೆಗೆ ಜೋತುಬೀಳುತ್ತಿತ್ತು.

ಒಂಬತ್ತೂಕಾಲಿಗೆ ವಾಪಸ್ಸು. ಈ ಸಲ ಸರಿಯಾದ ಮೆಟ್ಟಿಲು.

ಎಚ್ಚರವಾದದ್ದು ನಾಲ್ಕೂಮುಕ್ಕಾಲಿಗೆ, ಆಗಲೇ ಬೆಳಕು ಹರಿದಿತ್ತು. ಏಳು ಗಂಟೆ ನಿದ್ದೆ, ನನ್ನ ಮಟ್ಟಿಗೆ ದಾಖಲೆ. ರಾತ್ರಿ ಮುಚ್ಚಳ ತೆಗೆದಿಟ್ಟಿದ್ದ ಸೋಡಾ ಸಪ್ಪಗಾಗಿ ಬರೀ ನೀರಾಗಿತ್ತು. ಬಿಸಾಡಲು ಮನಸ್ಸಾಗದೆ ಅದನ್ನೇ ಕಾಯಿಸಿ ಟೀ ಮಾಡಿಕೊಂಡೆ.